ಹುಣಸೆಹಣ್ಣಿನ ಮನೆಗೆ ಹೋಗುತ್ತಿದ್ದ ನಮ್ಮ ಮೇಡಂ

ಮೊನ್ನೆ ಕೋರದಿಂದ ಬಂದ ನಮ್ಮತ್ತೆಯ ತಮ್ಮ ಒಂದು ಚೀಲ ಹುಣಸೆಹಣ್ಣು ತಂದು ಹಜಾರದಲ್ಲಿ ಇಳಿಸಿ ಹೋದರು. ಬೀಜ ಬಿಡಿಸದ ಹಣ್ಣು. "ಮನೇಲಿ ಹೆಂಗಸ್ರಿದೀರಲ್ಲ, ಬಿಡಿಸ್ಕೊಳ್ಳಿ" ಎಂದರು. ಹೆಂಗಸರು ಎಂದರೆ ನಾನು ಮತ್ತು ನಮ್ಮತ್ತೆ. ಅತ್ತೆಗೆ ಮಂಡಿ ನೋವು, ನೆಲಕ್ಕೆ ಕೂರುವ ಹಾಗಿಲ್ಲ. ಇನ್ನು ಉಳಿದವಳು ನಾನು. ಭಾನುವಾರ ಒಂದು ದಿನ ಕಾಲು ಚಾಚೋಣ ಅಂದುಕೊಂಡರೆ ಇದೊಂದು ಗಂಟು ಬಿತ್ತಲ್ಲ ಎಂದು ಗೊಣಗಿಕೊಂಡೇ ಹಳೇ ಸೀರೆ ಹಾಸಿ ಕೂತೆ. ಮೊದಲ ಹಿಡಿ ಹಣ್ಣು ಬಿಡಿಸುತ್ತಿದ್ದ ಹಾಗೆ ಆ ವಾಸನೆ ಬಂತು. ಬಿಸಿಲಿಗೆ ಕಾದ ಹಣ್ಣಿನ ವಾಸನೆ, ಹುಳಿ, ಸಿಹಿ, ಸ್ವಲ್ಪ ಮಣ್ಣು. ಉಗುರಿನ ಸಂದಿ ಚುರುಗುಟ್ಟಿತು. ಮರಳೂರಿನ ನಮ್ಮ ಮನೆ, ಓಡುತ್ತಿದ್ದ ಟಿವಿ, ಅತ್ತೆಯ ಮಾತು ಎಲ್ಲ ಎಲ್ಲೋ ಹೋಗಿ, ಪಕ್ಕದಲ್ಲಿ ಮೇಡಂ ಕೂತಿದ್ದಾರೆ ಅನ್ನಿಸಿತು...

ನಾವು ಅವರನ್ನು ಬರೀ ಮೇಡಂ ಅನ್ನುತ್ತಿದ್ದೆವು. ಕಾಲೇಜಿನಲ್ಲಿ ಬೇರೆ ಮೇಡಂಗಳೂ ಇದ್ದರು, ಅವರಿಗೆಲ್ಲ ಹೆಸರು ಸೇರಿಸಿ ಕರೆಯುತ್ತಿದ್ದೆವು. ಇವರಿಗೆ ಮಾತ್ರ ಹೆಸರು ಬೇಕಾಗಿರಲಿಲ್ಲ. ಗುಬ್ಬಿಯಿಂದ ದಿನಾ ರೈಲಿನಲ್ಲಿ ತುಮಕೂರಿಗೆ ಬರುತ್ತಿದ್ದರು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿದ್ದರು. ಹಣೆಯಲ್ಲಿ ತೆಳ್ಳಗೆ ವಿಭೂತಿ, ಕಾಟನ್ ಸೀರೆ, ಸೀರೆಯ ಕೆಳಗೆ ಗಂಡಸರು ಹಾಕುವಂಥ ಕ್ಯಾನ್ವಾಸ್ ಶೂ. ಆ ಶೂ ನೋಡಿ ಮೊದಲ ದಿನ ನಾವು ಹುಡುಗಿಯರು ಮುಸಿಮುಸಿ ನಕ್ಕಿದ್ದೆವು. ಫೀಲ್ಡ್ ವರ್ಕ್ ಶುರುವಾಗಿ ತಿಂಗಳಾಗುವಷ್ಟರಲ್ಲಿ ನಮ್ಮ ಚಪ್ಪಲಿಗಳ ಉಂಗುಷ್ಠ ಕಿತ್ತು ಬಂದು, ನಗು ಅಡಗಿತು.

ನಾನು ಓದಿದ್ದು ಬಿ.ಎಸ್.ಡಬ್ಲ್ಯೂ., ಸಮಾಜಕಾರ್ಯದ ಡಿಗ್ರಿ. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ, ಅಪ್ಪನಿಗೆ ಪೇಟೆಯಲ್ಲಿ ಸಣ್ಣ ವ್ಯಾಪಾರ. ಈ ಕೋರ್ಸಿಗೆ ಸೇರುತ್ತೇನೆ ಎಂದಾಗ ಅಪ್ಪ ಏನೂ ಅನ್ನಲಿಲ್ಲ, ಅಜ್ಜಿ ಮಾತ್ರ ಸುಮ್ಮನಿರಲಿಲ್ಲ. "ಮಠದಲ್ಲಿ ದಾಸೋಹಕ್ಕೆ ತರಕಾರಿ ಹೆಚ್ಚೋಕ್ ಹೋಗು, ಅದೂ ಸಮಾಜ ಸೇವೆನೇ. ಅದಕ್ಕೆ ಡಿಗ್ರಿ ಯಾಕೆ ಬೇಕು" ಎಂದಳು. ವಾರಕ್ಕೆ ಎರಡು ದಿನ ತರಗತಿ ಇಲ್ಲ, ಹೊರಗೆ ಹೋಗಿ ಕೆಲಸ ಕಲಿಯಬೇಕು, ಕಲಿಸಲು ಒಬ್ಬರು ಮೇಡಂ ಜೊತೆಗೆ ಬರುತ್ತಾರೆ ಎಂದು ತಿಳಿದ ಮೇಲಂತೂ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಮೊಮ್ಮಗಳು ಮನೆ ಮನೆ ತಿರುಗುತ್ತಾಳೆ ಎಂದು ಬೀದಿಗೆಲ್ಲ ಹೇಳಿ ಬಂದಳು.

ಕೊನೆಯ ವರ್ಷ ನನಗೆ ಹಾಕಿದ್ದು ಕುಣಿಗಲ್‌ಗೆ. ಹೆಂಗಸರು ಮತ್ತು ಮಕ್ಕಳಿಗಾಗಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆ ಅಲ್ಲಿತ್ತು. ಅವರು ನಮಗೆ ಒಂದೊಂದು ಹಳ್ಳಿಯ ಒಂದೊಂದು ಬೀದಿ ಒಪ್ಪಿಸಿದರು. ನನ್ನ ಬೀದಿ ಇದ್ದ ಹಳ್ಳಿ ಕುಣಿಗಲ್‌ನಿಂದ ಆಚೆ, ಬಸ್ಸಿಳಿದು ಒಂದಷ್ಟು ದೂರ ನಡೆಯಬೇಕು. ಮನೆಗಳಿಗೆ ಹೋಗುವುದು, ಪರಿಚಯ ಮಾಡಿಕೊಳ್ಳುವುದು, ಅವರ ಕಷ್ಟ ಏನು ಎಂದು ತಿಳಿಯುವುದು, ನಮ್ಮ ಕೈಲಾದ ದಾರಿ ತೋರಿಸುವುದು. ಪುಸ್ತಕದಲ್ಲಿ ಇದಕ್ಕೆಲ್ಲ ದೊಡ್ಡ ದೊಡ್ಡ ಹೆಸರುಗಳಿದ್ದವು. ನಾನು ಅವನ್ನೆಲ್ಲ ಬಾಯಿಪಾಠ ಮಾಡಿದ್ದೆ.

ಬೀದಿಯ ಕೊನೆಯ ಮನೆಯ ಮುಂದೆ ಒಬ್ಬಾಕೆ ಹುಣಸೆಹಣ್ಣಿನ ರಾಶಿ ಹಾಕಿಕೊಂಡು ಬೀಜ ಬಿಡಿಸುತ್ತಿದ್ದಳು. ಮಂಡಿಯವರು ಚೀಲಗಟ್ಟಲೆ ತಂದು ಹಾಕುತ್ತಿದ್ದರು, ಬಿಡಿಸಿಕೊಟ್ಟರೆ ಕೂಲಿ. ನಾನು ಕೊರಳಿಗೆ ಕಾಲೇಜಿನ ಕಾರ್ಡು ನೇತು ಹಾಕಿಕೊಂಡು, ಕೈಯಲ್ಲಿ ಪ್ಯಾಡು ಹಿಡಿದುಕೊಂಡು, "ಆಂಟಿ, ನಿಮ್ಮ ಕುಟುಂಬದ ವಾರ್ಷಿಕ ಆದಾಯ ಎಷ್ಟು" ಎಂದು ಕೇಳಿದೆ. ನಮಸ್ಕಾರವಿಲ್ಲ, ಏನಿಲ್ಲ. ಆಕೆ ತಲೆ ಎತ್ತಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಯಾಕವ್ವ, ಸಾಲ ಕೊಡ್ತೀಯಾ? ಯಾವ ಸಂಘದವ್ಳು ನೀನು?"

ಸಂಘದವಳಲ್ಲ, ಸ್ಟೂಡೆಂಟು ಎಂದೆ. "ಹಂಗಾದ್ರೆ ಓದ್ಕೋ ಹೋಗು" ಎಂದು ಆಕೆ ಮತ್ತೆ ಹಣ್ಣಿಗೆ ಕೈ ಹಾಕಿದಳು. ಪಕ್ಕದ ಮನೆಯವರು ಕಿಸಕ್ಕನೆ ನಕ್ಕರು. ನನ್ನ ಮುಖ ಹೆಸರುಕಾಳಿನಷ್ಟಾಯಿತು.

ವಾರಕ್ಕೊಮ್ಮೆ ಮೇಡಂ ನಮ್ಮನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಫೀಲ್ಡಿನಲ್ಲಿ ಏನಾಯಿತು ಎಂದು ಕೇಳುತ್ತಿದ್ದರು. ನಾವು ಹೇಳುವಾಗ ಮಧ್ಯೆ ಬಾಯಿ ಹಾಕುತ್ತಿರಲಿಲ್ಲ, "ಹ್ಞೂಂ" ಅನ್ನುವುದೊಂದೇ. ಆ ಹ್ಞೂಂನಲ್ಲೇ ನಮಗೆ ಅರ್ಧ ಜ್ವರ ಬರುತ್ತಿತ್ತು. ನನ್ನ ಕಥೆಯೆಲ್ಲ ಕೇಳಿ, "ಅಲ್ಲಾ ಕಣೇ, ನೀನು ಅವ್ರ ಮನೆಗೆ ಹೋಗಿದ್ಯೋ, ಪರೀಕ್ಷೆ ತಗೊಳಕ್ಕೆ ಹೋಗಿದ್ಯೋ" ಎಂದರು. ಮುಂದಿನ ವಾರ ತಾವೇ ಬರುವುದಾಗಿ ಹೇಳಿದರು.

ಬಂದರು. ನಾನು ಏನೋ ಕಲಿಯುತ್ತೇನೆ ಎಂದು ಕಿವಿ ನಿಮಿರಿಸಿಕೊಂಡು ನಿಂತಿದ್ದೆ. ಮೇಡಂ ಆ ಮನೆಯ ಮುಂದೆ ನಿಂತು, "ಅಕ್ಕ, ಕುಡಿಯೋಕೆ ಒಂಚೂರು ನೀರು ಕೊಡ್ತೀರಾ" ಎಂದರು. ನೀರು ಕುಡಿದರು. ಶೂ ಬಿಚ್ಚಿ ಪಕ್ಕಕ್ಕಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಕೂತು, ಒಂದು ಹಿಡಿ ಹಣ್ಣು ಎಳೆದುಕೊಂಡು ಬೀಜ ಬಿಡಿಸತೊಡಗಿದರು. ಅಷ್ಟೇ. ಈ ಸಲ ಹಣ್ಣು ಚೆನ್ನಾಗಿ ಕಟ್ಟಿದೆಯಾ, ಮಂಡಿಯವರು ಯಾವತ್ತು ಬರುತ್ತಾರೆ, ಬಿಸಿಲು ಜಾಸ್ತಿಯಾಯಿತು, ಇಂಥವೇ ಮಾತು. ನನಗೂ ಕಣ್ಣಲ್ಲೇ ಕೂರು ಎಂದರು. ನಾನು ಕೂತು ಬಿಡಿಸುವುದನ್ನು ನೋಡಲಾರದೆ ಆಕೆ, "ಮೇಡಮ್ಮೋರೆ, ನಿಮ್ ಹುಡ್ಗಿ ಬೀಜದ ಜೊತೆ ಹಣ್ಣೂ ಬಿಸಾಕ್ತಾವ್ಳೆ ನೋಡಿ" ಎಂದಳು. ಮೇಡಂ ನಕ್ಕರು. ಆಕೆಯೂ ನಕ್ಕಳು. ನಾನು ಹಲ್ಲು ಕಚ್ಚಿಕೊಂಡು ಬಿಡಿಸಿದೆ. ಹೊರಡುವ ಹೊತ್ತಿಗೆ ಆಕೆ ತಾನಾಗಿಯೇ, ಗಂಡ ಬಿಟ್ಟು ಹೋಗಿದ್ದಾನೆ, ಇರುವವಳು ಒಬ್ಬಳೇ ಮಗಳು, ಹತ್ತನೇ ಕ್ಲಾಸು ಎಂದಳು. ನಾವು ಏನೂ ಕೇಳಿರಲಿಲ್ಲ.

ಮೇಡಂ ಕೆಲಸ ಮಾಡುತ್ತಿದ್ದ ರೀತಿಯೇ ಅದು. ಯಾವ ಮನೆಗೆ ಹೋದರೂ ಆ ಮನೆಯ ಹೆಂಗಸು ಏನು ಮಾಡುತ್ತಿದ್ದಾಳೋ ಅದಕ್ಕೆ ಕೈ ಹಚ್ಚುವುದು. ಅವರೆಕಾಯಿ ಸುಲಿಯುತ್ತಿದ್ದರೆ ಅವರೆಕಾಯಿ, ರಾಗಿ ಹಸನು ಮಾಡುತ್ತಿದ್ದರೆ ರಾಗಿ. ಪ್ರಶ್ನೆ ಕೇಳುವ ಹಾಗಿಲ್ಲ. ನಮ್ಮಲ್ಲಿ ಕೆಲವರಿಗೆ ಇದು ತಮಾಷೆ ಅನ್ನಿಸುತ್ತಿತ್ತು, ಊರ್ಡಿಗೆರೆಯಿಂದ ಬರುತ್ತಿದ್ದ ನನ್ನ ಗೆಳತಿಯಂತೂ, "ಈ ಕೆಲ್ಸಕ್ಕೆ ಕಾಲೇಜು ಯಾಕೆ, ನಮ್ಮೂರಲ್ಲೇ ಇರ್ತಿದ್ನಲ್ಲ" ಅನ್ನುತ್ತಿದ್ದಳು. ಆದರೆ ಕೈಗೆ ಕೆಲಸ ಸಿಕ್ಕಿದರೆ ಜನ ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ. ಆಗ ಎಂಥೆಂಥ ಮಾತೂ ಬಾಯಿಗೆ ಬರುತ್ತದೆ. ಇದನ್ನು ನಾನು ಆ ಹುಣಸೆಹಣ್ಣಿನ ಮನೆಯ ಹುಡುಗಿಯಿಂದಲೇ ತಿಳಿದೆ.

ಹುಡುಗಿ ಸಣ್ಣಗೆ, ಎರಡು ಜಡೆ, ಮಾತು ಕಡಿಮೆ. ಪರೀಕ್ಷೆಗೆ ಓದಲು ರಜೆ ಕೊಟ್ಟಿದ್ದರು. ಒಂದು ದಿನ ಅವಳ ಅಮ್ಮ ಬಿಂದಿಗೆ ಹಿಡಿದು ನಲ್ಲಿಗೆ ಹೋಗಿದ್ದಳು. ನಾನೂ ಹುಡುಗಿಯೂ ಎದುರುಬದುರು ಕೂತು ಹಣ್ಣು ಬಿಡಿಸುತ್ತಿದ್ದೆವು. ಪಿಯುಸಿಗೆ ಏನು ತಗೊಳ್ತೀಯಾ ಎಂದು ಸುಮ್ಮನೆ ಕೇಳಿದೆ.

"ಪರೀಕ್ಷೆ ಆದ್ಮೇಲೆ ನಾನಿರಲ್ಲ ಅಕ್ಕ" ಎಂದಳು, ತಲೆ ಎತ್ತದೆ. "ಮದ್ವೆ ಮಾಡ್ತಾರೆ. ನೆಂಟರ ಪೈಕಿ. ಯಾರಿಗೂ ಹೇಳ್ಬ್ಯಾಡಿ."

ಅವಳಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಅಷ್ಟರಲ್ಲಿ ಅವಳಮ್ಮ ನೀರು ತಂದಳು, ಹುಡುಗಿ ಎದ್ದು ಬಿಂದಿಗೆ ಇಳಿಸಿಕೊಂಡಳು.

ಅವತ್ತೇ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಮೇಡಂಗೆ ಹೇಳಿದೆ. ಯಾರಿಗೂ ಹೇಳಬೇಡಿ ಅಂದಿದ್ದಾಳೆ ಎಂದೂ ಹೇಳಿದೆ. ಮೇಡಂ ನನ್ನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿದರು. ಆಮೇಲೆ, "ಯಾರಿಗೂ ಗೊತ್ತಾಗಬಾರದು ಅನ್ನೋ ಹಾಗಿದ್ರೆ ನಿನಗ್ಯಾಕೆ ಹೇಳ್ತಿದ್ಲು" ಎಂದರು. ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರೆ ಆಯಿತಲ್ಲ, ನಾವು ಯಾರೆಂದು ಹೇಳಬೇಕಾಗಿಲ್ಲ, ಅವರೇ ಬಂದು ನಿಲ್ಲಿಸುತ್ತಾರೆ ಎಂದೆ. ನನಗೆ ಆಗ ಅದೇ ಬುದ್ಧಿವಂತಿಕೆ ಅನ್ನಿಸಿತ್ತು.

"ಫೋನ್ ಮಾಡೋದು ಮಾಡಲೇಬೇಕು, ಅದ್ರಲ್ಲಿ ಎರಡು ಮಾತಿಲ್ಲ" ಎಂದರು ಮೇಡಂ. "ಆದ್ರೆ ಆಕೆ ಮನೇಲಿ ಕೂತು ಇಷ್ಟು ದಿನ ನೀರು ಕುಡಿದಿದೀವಿ. ಮೊದ್ಲು ಆಕೆಗೆ ಹೇಳ್ಬೇಕು, ಆಮೇಲೆ ಫೋನು."

ಆಕೆಗೆ ಹೇಳಿದರೆ ಹುಡುಗಿಯನ್ನು ಎಲ್ಲಿಗಾದರೂ ಸಾಗಿಸಿಬಿಡುತ್ತಾಳೆ ಎಂದು ನಾನು ವಾದ ಮಾಡಿದೆ. ಪರೀಕ್ಷೆ ಮುಗಿಯುವವರೆಗೆ ಕಳಿಸುವುದಿಲ್ಲ, ಆ ತಾಯಿಗೂ ಮಗಳು ಪಾಸಾಗುವುದು ಬೇಕು ಎಂದರು. ಮಾರನೇ ದಿನವೇ ಇಬ್ಬರೂ ಹೋದೆವು.

ಮೇಡಂ ಎಂದಿನಂತೆ ಕೂತು, ಎಂದಿನಂತೆ ಹಣ್ಣು ಎಳೆದುಕೊಂಡರು. ಕೈ ಆಡುತ್ತಿರುವಾಗಲೇ, ದನಿ ಏರಿಸದೆ, ಮದುವೆ ಗೊತ್ತಾಗಿರುವುದು ತಿಳಿಯಿತು, ಇದು ತಪ್ಪು, ಈ ವಿಷಯ ನಾನು ಅಧಿಕಾರಿಗಳಿಗೆ ಹೇಳಲೇಬೇಕು, ಇವತ್ತು ಸಂಜೆ ಹೇಳುತ್ತೇನೆ, ನಿಮಗೆ ತಿಳಿಸಿ ಹೇಳೋಣ ಎಂದು ಬಂದೆ ಎಂದರು. ಆಕೆಯ ಕೈ ನಿಂತಿತು. ಯಾರು ಹೇಳಿದರು ಎಂದು ಕೇಳಿದಳು. ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಮುಖ ಬಿಳಿಚಿಕೊಂಡಿತು.

"ಯಾರು ಹೇಳ್ಬೇಕಕ್ಕ" ಎಂದರು ಮೇಡಂ. "ಹಬ್ಬ ಇಲ್ಲ ಹರಿದಿನ ಇಲ್ಲ, ಮನೆಗೆ ಸುಣ್ಣ ಬಳ್ಸಿದೀರ. ಪರೀಕ್ಷೆಗೆ ಓದೋ ಹುಡುಗಿಗೆ ಕೈತುಂಬ ಬಳೆ ತೊಡ್ಸಿದೀರ. ನನಗೆ ಕಣ್ಣಿಲ್ವಾ?"

ಸುಣ್ಣ ಬಳಿದದ್ದು ನಾನೂ ನೋಡಿದ್ದೆ, ಬಳೆಯನ್ನೂ ನೋಡಿದ್ದೆ. ನನಗೆ ಹೊಳೆದಿರಲಿಲ್ಲ. ಹುಡುಗಿಯ ಹೆಸರು ಮಾತಿನ ಹತ್ತಿರಕ್ಕೂ ಬಾರದ ಹಾಗೆ ಮೇಡಂ ಎಲ್ಲವನ್ನೂ ತಮ್ಮ ಮೈಮೇಲೆ ಎಳೆದುಕೊಂಡರು. ಆಮೇಲೆ ಆಕೆ ಬೈದ ಬೈಗುಳವೆಲ್ಲ ಅವರ ಮೇಲೇ ಬಿತ್ತು. ಬಾಯಿಗೆ ಬಂದಂತೆ ಬೈದಳು. ಉಂಡ ಮನೆಗೆ ಎರಡು ಬಗೆಯುವವಳು ಎಂದಳು. ಬೀದಿಯೆಲ್ಲ ಸೇರಿತು. ಕೊನೆಗೆ, "ಮಕ್ಳಿಲ್ಲ ಮರಿ ಇಲ್ಲ, ಹೆತ್ತೋರ ಸಂಕ್ಟ ನಿಂಗೇನ್ ಗೊತ್ತು" ಎಂದಳು.

ಆ ಮಾತಿಗೆ ಮೇಡಂ ಮುಖ ಸಣ್ಣಗಾಯಿತು. ಒಂದು ಕ್ಷಣ ಅವರೂ ಎದ್ದು ಬೈದಾರು ಅಂದುಕೊಂಡೆ, ಬೈಯಲಿ ಎಂದೂ ಅಂದುಕೊಂಡೆ. ಅವರು, "ಹೌದಕ್ಕ, ನನಗ್ ಗೊತ್ತಿಲ್ಲ. ನೀವು ಹೇಳಿ, ಕೇಳ್ತೀನಿ" ಎಂದರು. ಆಕೆ ಹೇಳಲಿಲ್ಲ, ಎದ್ದು ಹೋಗಿ ಎಂದಳು. ಮೇಡಂ ಕೈಯಲ್ಲಿದ್ದ ಹಣ್ಣನ್ನು ಪೂರ್ತಿ ಬಿಡಿಸಿ, ಬೀಜ ಬೀಜದ ಕಡೆ, ಹಣ್ಣು ಹಣ್ಣಿನ ಕಡೆ ಹಾಕಿ ಎದ್ದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವರು ತುಮಕೂರು ಬರುವವರೆಗೂ ತಿರುಗಲಿಲ್ಲ. ಅತ್ತರೋ ಇಲ್ಲವೋ, ನಾನು ನೋಡಲು ಹೋಗಲಿಲ್ಲ. ನನಗೆ ಆ ಹೆಂಗಸಿನ ಮೇಲೆ ಸಿಟ್ಟು ಉಕ್ಕುತ್ತಿತ್ತು.

ಅಧಿಕಾರಿಗಳು ಬಂದರು, ಆಕೆಯಿಂದ ಮುಚ್ಚಳಿಕೆ ಬರೆಸಿಕೊಂಡರು, ಮದುವೆ ನಿಂತಿತು. ಊರಿನಲ್ಲಿ ನಮ್ಮ ಮೇಲೆ ಸಿಟ್ಟಾಯಿತು. ಸಂಸ್ಥೆಯವರು ಆ ಹಳ್ಳಿಯ ಸಹವಾಸವೇ ಬೇಡ ಎಂದು ನನ್ನನ್ನು ಕುಣಿಗಲ್ ಪೇಟೆಯೊಳಗಿನ ಕೆಲಸಕ್ಕೆ ಹಾಕಿದರು. ನನ್ನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು, ಗೆದ್ದಿದ್ದೆವು. ಮೇಡಂ ಲೆಕ್ಕ ಬೇರೆ ಇತ್ತು.

"ನಿಂತಿದ್ದು ಒಂದು ಮುಹೂರ್ತ ಕಣೇ" ಎಂದರು. "ಆಕೆಗಿರೋ ಭಯ ನಿಂತಿಲ್ಲ. ಇಲ್ಲಿ ಆಗ್ದಿದ್ರೆ ಇನ್ನೊಂದೂರಲ್ಲಿ ಮಾಡ್ತಾಳೆ. ಏನು ಭಯ ಅಂತ ನಾವ್ ಕೇಳ್ಲೇ ಇಲ್ಲ."

ಹಾಗಾಗಿ ಪ್ರತಿ ವಾರ, ನಮ್ಮ ಕೆಲಸವೆಲ್ಲ ಮುಗಿದ ಮೇಲೆ, ಮೇಡಂ ಆ ಹಳ್ಳಿಗೆ ಹೋಗುತ್ತಿದ್ದರು. ನನಗೆ ಬಾ ಎಂದು ಹೇಳಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ನಾನೇ ಬಾಲದ ಹಾಗೆ ಹಿಂದೆ ಹೋಗುತ್ತಿದ್ದೆ. ಆಕೆ ನಮ್ಮನ್ನು ನೋಡಿದೊಡನೆ ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಮೇಡಂ ಜಗಲಿಯ ಮೇಲೆ ಕೂರುತ್ತಿದ್ದರು. ಒಳಗಿನಿಂದ ಹುಣಸೆಹಣ್ಣು ಬಡಿಯುವ ಸದ್ದು, ಬೇಕಂತಲೇ ಜೋರಾಗಿ. ಕೈಗೆ ಕೆಲಸವಿಲ್ಲದೆ ಮೇಡಂ ಸೆರಗಿನ ಅಂಚು ಮಡಿಚುವುದು, ಬಿಚ್ಚುವುದು ಮಾಡುತ್ತಿದ್ದರು. ಬೀದಿಯಲ್ಲಿ ಹೋಗುವವರು, "ಏನ್ ಮೇಡಮ್ಮೋರೆ, ಇಲ್ಲೇ ಮನೆ ಮಾಡ್ಕೊಂಬುಡಿ" ಎಂದು ಚೇಷ್ಟೆ ಮಾಡುತ್ತಿದ್ದರು. ಮೇಡಂ ಅವರ ಮನೆಯವರ ಆರೋಗ್ಯ ವಿಚಾರಿಸುತ್ತಿದ್ದರು. ನನಗೆ ನಾಚಿಕೆಯಾಗಿ ತಲೆ ತಗ್ಗಿಸುತ್ತಿದ್ದೆ. ಬಸ್ಸಿನ ಹೊತ್ತಾದಾಗ ಮುಚ್ಚಿದ ಬಾಗಿಲಿಗೆ, "ಬರ್ತೀನಕ್ಕ" ಎಂದು ಹೇಳಿ ಎದ್ದು ಬರುತ್ತಿದ್ದರು. ಹೀಗೆ ಎಷ್ಟು ವಾರ ಹೋದವೋ...

ಒಂದು ಮಧ್ಯಾಹ್ನ ಬಾಗಿಲು ತೆರೆಯಿತು. ಆಕೆ ನಮ್ಮ ಕಡೆ ನೋಡದೆ, ಒಂದು ಮೊರದ ತುಂಬ ಹುಣಸೆಹಣ್ಣು ತಂದು ಮೇಡಂ ಮುಂದೆ ಕುಕ್ಕಿ, ಒಳಗೆ ಹೋದಳು. ಮೇಡಂ ಏನೂ ಆಗಿಲ್ಲವೇನೋ ಅನ್ನುವಂತೆ ಬೀಜ ಬಿಡಿಸತೊಡಗಿದರು. ನನ್ನ ಕಣ್ಣಲ್ಲಿ ನೀರು ಬಂತು. ನಾನೂ ಒಂದು ಹಿಡಿ ತೆಗೆದುಕೊಂಡೆ. ಮೊರ ಮುಗಿಯುವಷ್ಟರಲ್ಲಿ ಆಕೆ ಇನ್ನೊಂದು ಮೊರ ತಂದು, ಈ ಸಲ ತಾನೂ ಕೂತಳು.

ಹೇಳಿದಳು. ನಮಗೆ ಹೇಳಿದಂತಿರಲಿಲ್ಲ, ಹಣ್ಣಿಗೆ ಹೇಳಿದಂತಿತ್ತು. ಹಣ್ಣಿನ ಕಾಲ ಬಿಟ್ಟರೆ ಹೊಲದ ಕೂಲಿ, ಹೋದರೆ ಬರುವುದು ಕತ್ತಲಾದ ಮೇಲೆ. ಮಗಳು ಒಬ್ಬಳೇ ಇರುತ್ತಾಳೆ. ಒಂದು ಸಂಜೆ ಯಾವನೋ ಬಂದು ಬಾಗಿಲು ತಳ್ಳಿದ್ದಾನೆ. "ಒಳಗಡೆ ಅಗುಳಿ ಇಲ್ಲ ಮೇಡಮ್ಮೋರೆ, ಕಟ್ಟಿಗೆ ಕೊಟ್ಟು ನಿಲ್ಸೋದು. ನನ್ ಮಗ ಬೆನ್ ಕೊಟ್ಕೊಂಡು ನಿಂತವ್ಳೆ, ನಾನ್ ಬರಗಂಟ. ಇವತ್ತು ತಳ್ದೋನು ನಾಳೆ ಬರಕಿಲ್ವಾ? ಒಬ್ಬನ ಮನೆ ಸೇರ್ಸಿದ್ರೆ ನನ್ ಕಣ್ ಮುಚ್ತದೆ ಅಂತ ಮಾಡ್ದೆ." ಮಗಳನ್ನೇ ನನ್ನ ಮಗ ಎಂದು ಕರೆದಳು. ಯಾರಿಗೂ ಹೇಳಿರಲಿಲ್ಲವಂತೆ, ಹೇಳಿದರೆ ಹುಡುಗಿಯ ಮೇಲೇ ಮಾತು ಬರುತ್ತದೆ ಎಂದು. ನಾನು ಇಷ್ಟು ದಿನ ಆಕೆಯ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಇಳಿದು ಹೋಯಿತು. ಮೇಡಂ ಬುದ್ಧಿ ಹೇಳಲಿಲ್ಲ. "ನಾನಾಗಿದ್ರೂ ಹೆದರ್ತಿದ್ದೆ" ಎಂದರು.

ಆಮೇಲೆಯೇ ಹಾಸ್ಟೆಲ್ ಮಾತು ಬಂದದ್ದು. ಹುಡುಗಿ ಪಾಸಾಗಿದ್ದಳು. ತುಮಕೂರಿನಲ್ಲಿ ಓದುವ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇದೆ, ಊಟ, ವಸತಿ ಎಲ್ಲ ಅಲ್ಲೇ ಎಂದರು ಮೇಡಂ. ಆಕೆ ನಂಬಲಿಲ್ಲ. ಹಾಸ್ಟೆಲ್ ಎಂದರೆ ಆಕೆಗೆ ಇನ್ನೊಂದು ಅಗುಳಿಯಿಲ್ಲದ ಮನೆ. ಮೇಡಂ ಹೊಗಳಲು ಹೋಗಲಿಲ್ಲ, "ನೀವೇ ಬಂದು ನೋಡಿ, ಬೇಡ ಅನ್ಸಿದ್ರೆ ಬೇಡ" ಎಂದು ಒಂದು ದಿನ ಬಸ್ಸು ಹತ್ತಿಸಿಕೊಂಡು ಬಂದರು.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ವಾರ್ಡನ್ ಅಡುಗೆಮನೆ ತೋರಿಸಿದರು, ಓದುವ ಕೋಣೆ ತೋರಿಸಿದರು. ಆಕೆ ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಮಲಗುವ ಕೋಣೆಗೆ ಬಂದೊಡನೆ ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಹಾಕಿದಳು. ತೆಗೆದು ಹೊರಗೆ ಬಂದಳು. ಮುಂದಿನ ಕೋಣೆ, ಹಾಗೆಯೇ. ಬಚ್ಚಲುಮನೆಗಳ ಸಾಲಿಗೆ ಹೋಗಿ ಒಂದೊಂದರಲ್ಲೂ ಹೊಕ್ಕು, ಚಿಲಕ ಹಾಕಿ, ಒಳಗಿನಿಂದ ಬಾಗಿಲನ್ನು ಎಳೆದು ನೋಡಿ, ತೆಗೆದು ಬಂದಳು. ವಾರ್ಡನ್‌ಗೆ ಅರ್ಥವಾಗದೆ ಮೇಡಂ ಮುಖ ನೋಡಿದರು. ಮೇಡಂ ಕೈಸನ್ನೆಯಲ್ಲೇ ಸುಮ್ಮನಿರಿ ಎಂದರು. ಕೊನೆಯ ಬಚ್ಚಲಿನ ಚಿಲಕ ಹಿಡಿಯಲಿಲ್ಲ. ಬಾಗಿಲು ಜೋತು, ಚಿಲಕದ ಕಡ್ಡಿ ತೂತಿಗೆ ಸೇರುತ್ತಿರಲಿಲ್ಲ. ಆಕೆ ಹೊರಗೆ ಬಂದು, "ಇದು ಕೂರಕಿಲ್ಲ" ಎಂದಳು. ಎಲ್ಲ ಮುಗಿಯಿತು ಅನ್ನುವ ಹಾಗೆ ಚೀಲ ಹೆಗಲಿಗೆ ಹಾಕಿಕೊಂಡಳು.

ಒಂದೇ ಒಂದು ಚಿಲಕ, ಉಳಿದವೆಲ್ಲ ಸರಿ ಇವೆಯಲ್ಲ ಎಂದು ನಾನು ಅನ್ನುವವಳಿದ್ದೆ. ಮೇಡಂ ನನ್ನ ತೋಳು ಹಿಡಿದರು. "ಕೂರೋ ಹಾಗೆ ಮಾಡ್ಸೋಣ ಅಕ್ಕ" ಎಂದರು. ಕಚೇರಿಗೆ ಬರೆದು ಕಳಿಸಬೇಕಾಗುತ್ತದೆ ಎಂದರು ವಾರ್ಡನ್. ಬರೆದೂ ಕಳಿಸಿ, ನಾನು ಬಡಗಿಯನ್ನೂ ಕರೆತರುತ್ತೇನೆ ಎಂದು ಮೇಡಂ ಆ ಬಿಸಿಲಿನಲ್ಲಿ ಹೊರಟರು. ಎಲ್ಲಿಂದ ಹಿಡಿದು ತಂದರೋ, ಒಬ್ಬ ಬಡಗಿಯನ್ನು ಆಟೋದಲ್ಲಿ ಕೂರಿಸಿಕೊಂಡು ಬಂದರು. ಆತ ಬಾಗಿಲು ಕಳಚಿ, ಕೀಲು ಬದಲಿಸಿ, ತೂತು ಕೊರೆದು, ಹೊಸ ಚಿಲಕ ಕೂರಿಸುವವರೆಗೆ ಆಕೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದಳು. ಆಮೇಲೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಈ ಸಲ ಬಾಗಿಲು ಎಳೆದ ಸದ್ದು ಬಂತು, ಆದರೆ ಆಕೆ ಬೇಗ ಹೊರಗೆ ಬರಲಿಲ್ಲ. ಬಂದಾಗ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ಸೇರ್ಸಿ ಮೇಡಮ್ಮೋರೆ" ಎಂದಳು.

ಹುಡುಗಿ ಸೇರಿದಳು. ಪಿಯುಸಿ ಮಾಡಿದಳು, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮಾಡಿದಳು ಎಂದು ಮೇಡಂ ಬಾಯಲ್ಲಿ ಆಗಾಗ ಕೇಳುತ್ತಿದ್ದೆ. ನಾನು ಡಿಗ್ರಿ ಮುಗಿಸಿ, ಮುಂದೆ ಓದಿ, ಒಂದು ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕಿಯಾದೆ. ಮದುವೆಯಾಯಿತು. ಇತ್ತ ನಮ್ಮ ಕೋರ್ಸಿಗೆ ಮಕ್ಕಳು ಸೇರುವುದು ಕಡಿಮೆಯಾಗುತ್ತ ಬಂದು ಕೊನೆಗೆ ನಿಂತೇ ಹೋಯಿತು. ಮೇಡಂ ಅತಿಥಿ ಉಪನ್ಯಾಸಕಿ, ಕೋರ್ಸ್ ಇಲ್ಲ ಎಂದರೆ ಅವರೂ ಇಲ್ಲ. ಅಷ್ಟು ವರ್ಷ ದುಡಿದವರಿಗೆ ಒಂದು ಹಾರ, ಒಂದು ಸಮಾರಂಭ ಏನೂ ಆಗಲಿಲ್ಲ. ಗುಬ್ಬಿಯ ಮನೆಯಲ್ಲೇ ಇದ್ದರು. ಮೊದಮೊದಲು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದೆ, ಆಮೇಲೆ ಹಬ್ಬಕ್ಕೆ, ಆಮೇಲೆ... ಮಗು, ಡ್ಯೂಟಿ, ಅತ್ತೆಯ ಮಂಡಿ. ಎಲ್ಲರ ಮನೆಯಲ್ಲೂ ಆಗುವುದೇ.

ಮೊನ್ನೆ ಭಾನುವಾರ ಹಣ್ಣು ಬಿಡಿಸುವುದನ್ನು ಅರ್ಧಕ್ಕೆ ಬಿಟ್ಟು, ಕೈ ತೊಳೆದು ಫೋನ್ ಮಾಡಿದೆ. ಎತ್ತಿದ್ದು ಅವರ ಅಣ್ಣ. ನಾನು ಯಾರೆಂದು ಹೇಳಿದೆ. ಅವರು, "ತಂಗಿ ಹೋಗ್ಬಿಟ್ಲಲ್ಲಮ್ಮ, ಕಾರ್ತೀಕದಲ್ಲಿ" ಎಂದರು. ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದರು, ಆಗಲಿಲ್ಲ. ಯಾರು ಯಾರಿಗೆ ತಿಳಿಸಬೇಕು ಎಂದು ಅವರಿಗೆ ಗೊತ್ತಿರಲಿಲ್ಲ. ನ್ಯಾಯವೇ, ನಮ್ಮನ್ನು ಅವರು ಕಂಡವರೇ ಅಲ್ಲ. ಹ್ಞೂಂ, ಹ್ಞೂಂ ಎಂದು ಕೇಳಿ ಫೋನ್ ಇಟ್ಟೆ. ಅಳು ಬರಲಿಲ್ಲ. ಮತ್ತೆ ಹೋಗಿ ಮಿಕ್ಕ ಹಣ್ಣಿನ ಮುಂದೆ ಕೂತೆ. ಅತ್ತೆ ಏನಾಯಿತು ಎಂದರೆ ಏನಿಲ್ಲ ಎಂದೆ. ರಾತ್ರಿ ಹಾಸಿಗೆಯಲ್ಲಿ, ಕುಣಿಗಲ್ ಕಡೆಯ ಆ ತಾಯಿಗೆ ಯಾರು ಹೇಳಿರುತ್ತಾರೆ ಅನ್ನಿಸಿತು.

ಸೋಮವಾರ ರಜೆ ಹಾಕಿ ಹೋದೆ. ಬಸ್ ಸ್ಟಾಪಿನಿಂದ ಹಳ್ಳಿಯವರೆಗೆ ಈಗ ಟಾರು ಬಿದ್ದಿದೆ. ಆಕೆಗೆ ಕೂದಲು ಬೆಳ್ಳಗಾಗಿದೆ, ಮನೆಗೆ ಕಬ್ಬಿಣದ ಬಾಗಿಲು ಬಂದಿದೆ. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು, ಹಿಡಿದ ಮೇಲೆ ಕೈ ಬಿಡಲಿಲ್ಲ. ಮಗಳು ತುಮಕೂರಿನಲ್ಲೇ ಕೆಲಸದಲ್ಲಿದ್ದಾಳೆ, ಹೋದ ವರ್ಷ ಬೇಸಿಗೆಯಲ್ಲಿ ಅವಳೇ ಮೆಚ್ಚಿದ ಹುಡುಗನ ಜೊತೆ ಮದುವೆಯಾಯಿತು, ಮೇಡಮ್ಮೋರು ಬಂದಿದ್ದರು, ಮುಹೂರ್ತ ಮುಗಿಯುವವರೆಗೂ ಇದ್ದರು ಎಂದಳು. ನಾನು ಎಷ್ಟು ಹೊತ್ತು ಮಾತು ಮುಂದೂಡಿದೆನೋ. ಕೊನೆಗೆ ಹೇಳಿದೆ.

ಆಕೆ ಯಾವಾಗ ಎಂದಳು. ಕಾರ್ತೀಕದಲ್ಲಿ ಎಂದೆ. ನೆಲಕ್ಕೆ ಕೈಯೂರಿ ಎದ್ದು ಹಿತ್ತಲಿಗೆ ಹೋದಳು. ಬಹಳ ಹೊತ್ತಾದರೂ ಬಾರದಿದ್ದಾಗ ನಾನೂ ಹೋಗಿ ನೋಡಿದೆ. ತೊಟ್ಟಿಯ ಹತ್ತಿರ ಕೂತು, ಉಟ್ಟ ಸೀರೆಯಲ್ಲೇ, ಚೊಂಬಿನಿಂದ ತಲೆಯ ಮೇಲೆ ನೀರು ಹುಯ್ದುಕೊಳ್ಳುತ್ತಿದ್ದಳು. ಆ ಕಡೆ ಸಾವಿನ ಸುದ್ದಿ ಎಷ್ಟೇ ತಡವಾಗಿ ಬರಲಿ, ಕಿವಿಗೆ ಬಿದ್ದ ದಿನವೇ ಹೀಗೆ ಮೀಯುತ್ತಾರೆ. ಆದರೆ ಎಲ್ಲರಿಗೂ ಅಲ್ಲ. ಒಡಹುಟ್ಟಿದವರಿಗೆ, ರಕ್ತ ಹಂಚಿಕೊಂಡವರಿಗೆ ಮಾತ್ರ.

ನನ್ನನ್ನು ನೋಡಿ, "ಬಾರವ್ವ, ನೀನೂ ಒಂದ್ ಚೊಂಬು ಹುಯ್ಕೋ" ಎಂದಳು. ಲಿಂಗ ಕಟ್ಟುವ ನಮ್ಮ ಮನೆಗಳಲ್ಲಿ ಸೂತಕ ಹಿಡಿಯುವುದಿಲ್ಲ, ಮೇಡಂ ಮನೆಯಲ್ಲೂ ಇಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ. ಆಕೆ ಚೊಂಬು ತುಂಬಿ ನನ್ನ ಕಡೆ ಹಿಡಿದಿದ್ದಳು. ಬ್ಯಾಗು, ಫೋನು ಕಲ್ಲಿನ ಮೇಲಿಟ್ಟು ಆಕೆಯ ಪಕ್ಕದಲ್ಲಿ ಕೂತೆ. ನೀರು ತಣ್ಣಗಿತ್ತು. ತಲೆಯ ಮೇಲೆ ಬಿದ್ದು ಕಣ್ಣು, ಕಿವಿ, ಕತ್ತು ಎಲ್ಲ ಇಳಿಯಿತು. ಫೋನಿನಲ್ಲಿ ಕೇಳಿದಾಗ ಬಾರದ ಅಳು ಆಗ ಬಂತು. ಆಕೆ ಅಳಬೇಡ ಎನ್ನಲಿಲ್ಲ, ಇನ್ನೊಂದು ಚೊಂಬು ತುಂಬಿ ಕೊಟ್ಟಳು.